ಕೂದಲು ಕಸಿಯ ನಂತರದ ಚೇತರಿಕೆ

ತಲೆಯ ಹಿಂಭಾಗದ ಕೂದಲನ್ನು ಬುಡಸಮೇತ ತೆಗೆದು ಬೋಳಾದ ಜಾಗದಲ್ಲಿ ನೆಡುವ ಶಸ್ತ್ರಚಿಕಿತ್ಸೆಯಾದ ಮೇಲೆ ಗಾಯ ಮಾಯುವ, ನೆಟ್ಟ ಬುಡಗಳು ಹಿಡಿದುಕೊಳ್ಳುವ, ಅವುಗಳಿಂದ ಹೊಸ ಕೂದಲು ಮೂಡುವ ಅವಧಿ. ಚರ್ಮ ಮಾಯಲು 10-14 ದಿನ ಸಾಕು. ಕೂದಲು ಕಣ್ಣಿಗೆ ತುಂಬುವಂತೆ ಬೆಳೆಯಲು 10-12 ತಿಂಗಳು ಬೇಕು. ಇವೆರಡರ ನಡುವೆ, ನೆಟ್ಟ ಕೂದಲಿನ ಬಹುಭಾಗ ಉದುರಿ ತಲೆ ಮೊದಲಿನಂತೆಯೇ, ಕೆಲವೊಮ್ಮೆ ಮೊದಲಿಗಿಂತ ಬೋಳಾಗಿ ಕಾಣುವ ಎರಡು-ಮೂರು ತಿಂಗಳಿರುತ್ತವೆ. ಚರ್ಮದ ಲೆಕ್ಕವನ್ನೂ ಕೂದಲಿನ ಲೆಕ್ಕವನ್ನೂ ಒಂದೇ ಎಂದುಕೊಂಡವರಿಗೆ ಈ ತಿಂಗಳುಗಳು ಬಹಳ ಕಷ್ಟ. ನೋವು, ಊತ, ಹಕ್ಕಳೆಗಳ ಬಗ್ಗೆ ಮೊದಲೇ ಎಚ್ಚರಿಸುವ ಎಷ್ಟೋ ಕ್ಲಿನಿಕ್‌ಗಳು ಈ ಬರಿದಾಗುವ ಕಾಲದ ಬಗ್ಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಕಸಿಯ ಚೇತರಿಕೆಯಲ್ಲಿ ವಿವರಿಸಿ ಹೇಳಬೇಕಾದದ್ದು ಅದನ್ನೇ.

ಹಿನ್ನೆಲೆ

ಬೋಳು ತಲೆಗೂ ಗಂಡು ಹಾರ್ಮೋನಿಗೂ ಇರುವ ನಂಟನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ಅದಕ್ಕೂ ಮೊದಲೇ, 1939ರಲ್ಲಿ, ಜಪಾನಿನ ಚರ್ಮವೈದ್ಯ ಶೋಜಿ ಒಕುಡಾ ಸಣ್ಣ ಲೋಹದ ಕೊಳವೆಯಿಂದ ಚರ್ಮವನ್ನು ದುಂಡಗೆ ಕೊರೆದು ಕೂದಲಿಲ್ಲದ ನೆತ್ತಿಗೆ, ಹುಬ್ಬಿಗೆ, ಮೀಸೆಯ ಜಾಗಕ್ಕೆ ನೆಟ್ಟ ಕೆಲಸವನ್ನು ಪ್ರಕಟಿಸಿದ್ದರು. ಮಹಾಯುದ್ಧದ ಕಾರಣ ಅದು ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಸ್ವತಂತ್ರವಾಗಿ ಇದೇ ಕೆಲಸಕ್ಕೆ ಕೈಹಾಕಿ 1959ರಲ್ಲಿ ಪ್ರಬಂಧ ಬರೆದರು. ಇಂದಿನ ಕಸಿಯೆಲ್ಲ ನಿಂತಿರುವುದು ಅವರು ಗಮನಿಸಿದ ಒಂದು ಸಂಗತಿಯ ಮೇಲೆ: ಹಿಂದಲೆಯ ಕೂದಲನ್ನು ಎಲ್ಲಿ ನೆಟ್ಟರೂ ಅದು ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ಮುಂದಲೆ ಬೋಳಾದವನಲ್ಲೂ ಹಿಂದಲೆಯ ಕೂದಲು ಉದುರದೆ ಉಳಿಯುವುದರಿಂದ, ಮುಂದಕ್ಕೆ ಸಾಗಿಸಿದ ಮೇಲೂ ಅದು ಉಳಿಯುತ್ತದೆ. ಹುಬ್ಬಿಗೆ ಕಸಿ ಮಾಡಿಸಿಕೊಂಡವರು ಹುಬ್ಬನ್ನು ತಿಂಗಳು ತಿಂಗಳೂ ಕತ್ತರಿಸುತ್ತಿರಬೇಕಾಗುವುದಕ್ಕೂ ಇದೇ ಕಾರಣ. ತಲೆಯ ಕೂದಲಿಗೆ ತಾನೀಗ ಹುಬ್ಬು ಎಂಬುದು ಗೊತ್ತಿರುವುದಿಲ್ಲ.

ಒರೆಂಟ್ರೈಕ್ ಕಾಲದ ತುಂಡುಗಳು ಸುಮಾರು 4 ಮಿಲಿಮೀಟರ್ ಅಗಲದವು. ನೆಟ್ಟ ಕಡೆ ಕೂದಲು ಜೊಂಪೆ ಜೊಂಪೆಯಾಗಿ ಎದ್ದು ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಕೂದಲು ಚರ್ಮದಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಬೆಳೆಯುವುದಿಲ್ಲ, ಒಂದರಿಂದ ನಾಲ್ಕರ ಸಣ್ಣ ಗುಂಪುಗಳಾಗಿ ಬೆಳೆಯುತ್ತದೆ ಎಂಬುದನ್ನು ಸಂಶೋಧಕ ಹೆಡಿಂಗ್ಟನ್ 1984ರಲ್ಲಿ ವಿವರಿಸಿದರು. 1988ರಿಂದ ಟೆಕ್ಸಾಸಿನ ಬಾಬಿ ಲಿಮ್ಮರ್ ಸೂಕ್ಷ್ಮದರ್ಶಕದಡಿಯಲ್ಲಿ ಆ ಗುಂಪುಗಳನ್ನೇ ಬಿಡಿಸಿ ನೆಡಲು ಆರಂಭಿಸಿದರು. ಈಗ ಗ್ರಾಫ್ಟ್ ಎಂದು ಕರೆಯುವುದು ಇಂಥ ಒಂದು ಗುಂಪನ್ನು. ಅದನ್ನು ತೆಗೆಯುವ ದಾರಿಗಳು ಎರಡು. ಎಫ್‌ಯುಟಿ ವಿಧಾನದಲ್ಲಿ ಹಿಂದಲೆಯಿಂದ ಚರ್ಮದ ಒಂದು ಪಟ್ಟಿಯನ್ನೇ ತೆಗೆದು ಹೊಲಿಗೆ ಹಾಕುತ್ತಾರೆ. ಎಫ್‌ಯುಇ ವಿಧಾನದಲ್ಲಿ 0.8ರಿಂದ 1 ಮಿಲಿಮೀಟರ್ ಅಗಲದ ಕೊರೆಯುವ ಸಾಧನದಿಂದ ಒಂದೊಂದೇ ಗ್ರಾಫ್ಟ್ ತೆಗೆಯುತ್ತಾರೆ. ಇದು 2002ರಲ್ಲಿ ವಿಲಿಯಂ ರಾಸ್ಮನ್ ಮತ್ತು ಸಂಗಡಿಗರ ಪ್ರಬಂಧದಿಂದ ಎಲ್ಲರ ಗಮನಕ್ಕೆ ಬಂತು, ಇಂದು ಹೆಚ್ಚು ನಡೆಯುವುದೂ ಇದೇ. ಒಂದು ಬಾರಿಗೆ 2,000-3,000 ಗ್ರಾಫ್ಟ್ ನೆಡುವುದು ಸಾಮಾನ್ಯ. ಅಂದರೆ ಮನೆಗೆ ಹೋಗುವ ವ್ಯಕ್ತಿಯ ತಲೆಯಲ್ಲಿ ಅಷ್ಟು ಸಾವಿರ ಸಣ್ಣ ಗಾಯಗಳು ಹಿಂದೆ, ಅಷ್ಟೇ ಸೀಳುಗಳು ಮುಂದೆ.

ಮೊದಲ ಹತ್ತು ದಿನಗಳು

ನೆಟ್ಟ ಗ್ರಾಫ್ಟಿಗೆ ಮೊದಲ ದಿನ ರಕ್ತ ಸಂಪರ್ಕವೇ ಇರುವುದಿಲ್ಲ. 24ರಿಂದ 48 ಗಂಟೆಗಳ ಕಾಲ ಅದು ಸುತ್ತಲಿನ ಅಂಗಾಂಶದಿಂದ ಒಸರುವ ದ್ರವವನ್ನು ಹೀರಿಕೊಂಡು ಜೀವ ಹಿಡಿದಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಗಾಯದ ಅಂಚಿನಿಂದ ಹೊಸ ರಕ್ತನಾಳಗಳು ಅದರತ್ತ ಚಾಚಿಕೊಳ್ಳುತ್ತವೆ. ಒಂದು ವಾರದೊಳಗೆ ಸರಬರಾಜು ನೆಲೆಗೊಳ್ಳುತ್ತದೆ. ನೆತ್ತಿಗೆ ಮುಂದಿನಿಂದ, ಕಪಾಲದ ಪಕ್ಕದಿಂದ, ಹಿಂದಿನಿಂದ ಹೀಗೆ ಹಲವು ಕಡೆಯಿಂದ ರಕ್ತನಾಳಗಳು ಬಂದು ಸೇರುವುದರಿಂದ ದೇಹದ ಬೇರೆ ಕಡೆಗಿಂತ ಇಲ್ಲಿ ಗಾಯ ಬೇಗ ಮಾಯುತ್ತದೆ. ಸೋಂಕು ಕಡಿಮೆ ಇರುವುದಕ್ಕೂ ಇದೇ ಕಾರಣ.

ಗ್ರಾಫ್ಟ್ ಎಷ್ಟು ದಿನಕ್ಕೆ ಗಟ್ಟಿಯಾಗಿ ಕೂರುತ್ತದೆ ಎಂಬುದಕ್ಕೆ ಬಹುಕಾಲ ಊಹೆಯೇ ಉತ್ತರವಾಗಿತ್ತು. ರಾಬರ್ಟ್ ಬರ್ನ್‌ಸ್ಟೈನ್ ಮತ್ತು ರಾಸ್ಮನ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ನೇರವಾಗಿ ಪರೀಕ್ಷಿಸಿತು: ಬೇರೆ ಬೇರೆ ದಿನಗಳಲ್ಲಿ ನೆಟ್ಟ ಕೂದಲನ್ನೂ ಅದಕ್ಕೆ ಅಂಟಿದ ಹಕ್ಕಳೆಯನ್ನೂ ಎಳೆದು ನೋಡುವುದು. ಮೊದಲ ಎರಡು ದಿನ ಕೂದಲನ್ನು ಎಳೆದರೆ ಸಾಕು, ಗ್ರಾಫ್ಟ್ ಕಿತ್ತು ಬರುತ್ತಿತ್ತು. ಆ ಮೇಲೆ ಕೂದಲಷ್ಟೇ ಕೈಗೆ ಬಂದು ಬುಡ ಒಳಗೆ ಉಳಿಯತೊಡಗಿತು. ಆದರೆ ಅಂಟಿದ ಹಕ್ಕಳೆಯನ್ನು ಎಳೆದಾಗ ಐದನೆಯ ದಿನದವರೆಗೂ ಗ್ರಾಫ್ಟ್ ಕಿತ್ತುಬಂತು. ಒಂಬತ್ತನೆಯ ದಿನದ ಹೊತ್ತಿಗೆ ಏನನ್ನು ಎಳೆದರೂ ಗ್ರಾಫ್ಟ್ ಕದಲಲಿಲ್ಲ. ಇಂದು ವೈದ್ಯರು ಕೊಡುವ ಹತ್ತು ದಿನಗಳ ಪಥ್ಯಕ್ಕೆ ಈ ಪ್ರಯೋಗ ಬಲವಾದ ಆಧಾರ. ಹಕ್ಕಳೆ ಎಷ್ಟು ದಪ್ಪವೋ ಗಂಡಾಂತರ ಅಷ್ಟು ಕಾಲ ಉಳಿಯುತ್ತದೆ ಎಂಬುದೂ ಇದರಿಂದ ಹೊರಡುವ ಮಾತು. ಹಾಗಾಗಿ ತಲೆಯನ್ನು ಮುಟ್ಟದೆ, ತೊಳೆಯದೆ ಕಾಪಾಡುತ್ತೇನೆ ಎನ್ನುವ ಅತಿ ಜಾಗರೂಕತೆ ತಿರುಗುಬಾಣವಾಗುತ್ತದೆ.

ತೊಳೆಯುವ ಕ್ರಮ ಹೀಗೆ. ಮೊದಲ ಎರಡು-ಮೂರು ದಿನ ಸಲೈನ್ ನೀರನ್ನು ಗಂಟೆಗೋ ಎರಡು ಗಂಟೆಗೋ ಒಮ್ಮೆ, ಎಚ್ಚರವಿರುವಷ್ಟು ಹೊತ್ತು, ನೆಟ್ಟ ಜಾಗದ ಮೇಲೆ ಸಿಂಪಡಿಸುತ್ತಾರೆ. ರಕ್ತ ಒಣಗಿ ಗಟ್ಟಿಯಾಗದಿರಲಿ ಎಂದು. ಮೊದಲ ತೊಳೆತ ಎರಡನೆಯ ಅಥವಾ ಮೂರನೆಯ ದಿನ, ಸಾಧ್ಯವಾದರೆ ಕ್ಲಿನಿಕ್ಕಿನಲ್ಲೇ. ಮಕ್ಕಳ ಶಾಂಪೂವನ್ನು ನೀರಿನಲ್ಲಿ ಕದಡಿ ನೊರೆ ಎಬ್ಬಿಸಿ, ಆ ನೊರೆಯನ್ನು ಅಂಗೈಯಿಂದ ನೆಟ್ಟ ಜಾಗದ ಮೇಲೆ ಒತ್ತಿ ಒತ್ತಿ ಇಡಬೇಕು. ಉಜ್ಜಬಾರದು, ಬೆರಳು ಓಡಿಸಬಾರದು. ನಾಲ್ಕೈದು ನಿಮಿಷ ಬಿಟ್ಟು, ಉಗುರು ಬೆಚ್ಚಗಿನ ನೀರನ್ನು ಮಗ್ಗಿನಿಂದ ಹಣೆಗೆ ಹತ್ತಿರದಿಂದ ನಿಧಾನ ಹರಿಯಬಿಡಬೇಕು. ಶವರಿನ ರಭಸ ಹತ್ತು ದಿನ ಬೇಡ. ಬಕೆಟ್ಟು ಚೊಂಬಿನ ಸ್ನಾನ ಮಾಡಿ ಅಭ್ಯಾಸವಿರುವ ನಮ್ಮವರಿಗೆ ಇದು ಕಷ್ಟದ ಸಲಹೆಯೇನಲ್ಲ. ಒರೆಸಲು ಟವೆಲ್ ಬೇಡ, ಗಾಳಿಗೆ ಆರಲಿ. ಹಿಂದಲೆಯನ್ನು, ಅಂದರೆ ತೆಗೆದ ಜಾಗವನ್ನು, ಮೆಲ್ಲಗೆ ಉಜ್ಜಿ ತೊಳೆಯಲು ಅಡ್ಡಿಯಿಲ್ಲ. ಅಲ್ಲಿ ಕಿತ್ತುಹೋಗಲು ಏನೂ ಉಳಿದಿಲ್ಲ.

ಎಂಟು-ಒಂಬತ್ತನೆಯ ದಿನದಿಂದ ಹಕ್ಕಳೆಗಳನ್ನು ಕಳೆಯುವ ಕೆಲಸ. ನೊರೆ ಹಚ್ಚಿ ಹತ್ತು ನಿಮಿಷ ನೆನೆಸಿ, ಬೆರಳ ತುದಿಯ ಮೆತ್ತನೆಯ ಭಾಗದಿಂದ, ಉಗುರು ತಾಗದಂತೆ, ಚಿಕ್ಕ ಸುತ್ತುಗಳಲ್ಲಿ ತಿಕ್ಕಬೇಕು. ಹಕ್ಕಳೆಗಳು ಕಂದು ಚೂರುಗಳಾಗಿ ಬಿಟ್ಟುಕೊಳ್ಳುತ್ತವೆ, ಅವುಗಳ ಜೊತೆಗೆ ಅರ್ಧ ಸೆಂಟಿಮೀಟರಿನ ಕೂದಲೂ ಬರುತ್ತದೆ. ಆ ಕೂದಲ ತುದಿಯಲ್ಲಿ ಬಿಳಿಯ ಸಣ್ಣ ಉಂಡೆಯಂಥದ್ದು ಕಾಣಬಹುದು. ಕೈಯಲ್ಲಿ ಅದನ್ನು ಹಿಡಿದು ಗ್ರಾಫ್ಟೇ ಹೋಯಿತೆಂದು ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ವೈದ್ಯರಿಗೆ ಫೋಟೋ ಕಳಿಸುವವರಿಗೆ ಲೆಕ್ಕವಿಲ್ಲ. ಅದು ಕೂದಲಿನ ಒಣ ಬುಡದ ಹೊದಿಕೆ ಅಷ್ಟೇ. ಹೊಸ ಕೂದಲನ್ನು ಹುಟ್ಟಿಸುವ ಭಾಗ ಚರ್ಮದೊಳಗೇ ಇದೆ. ಗ್ರಾಫ್ಟ್ ನಿಜವಾಗಿ ಕಿತ್ತರೆ ಆ ತೂತಿನಿಂದ ರಕ್ತ ಬರುತ್ತದೆ. ರಕ್ತ ಬಂದಿಲ್ಲ ಎಂದರೆ ಗ್ರಾಫ್ಟ್ ಹೋಗಿಲ್ಲ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. 14 ದಿನ ಕಳೆದರೂ ಹಕ್ಕಳೆ ಅಂಟಿಕೊಂಡೇ ಇದ್ದರೆ ವೈದ್ಯರಿಗೆ ತೋರಿಸಬೇಕು.

ನೋವು ಜನ ಹೆದರುವಷ್ಟಿರುವುದಿಲ್ಲ. ಇದ್ದರೂ ಹಿಂದಲೆಯಲ್ಲಿ, ಮೊದಲ ಎರಡು-ಮೂರು ರಾತ್ರಿ, ಪ್ಯಾರಾಸಿಟಮಾಲಿಗೆ ತಗ್ಗುವಂಥದ್ದು. ಎಫ್‌ಯುಟಿಯಲ್ಲಿ ಹೊಲಿಗೆಯ ಬಿಗಿತದಿಂದ ನೋವು ಸ್ವಲ್ಪ ಹೆಚ್ಚು. ಹೊಲಿಗೆ ಬಿಚ್ಚುವುದು 10ರಿಂದ 14ನೆಯ ದಿನ. ಊತ ಮಾತ್ರ ನೋಡುವವರನ್ನೂ ಬೆಚ್ಚಿಬೀಳಿಸುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಚರ್ಮದಡಿ ತುಂಬಿಸಿದ ಮರಗಟ್ಟಿಸುವ ದ್ರಾವಣ ಮೂರನೆಯ ದಿನದ ಹೊತ್ತಿಗೆ ಹಣೆಗಿಳಿದು, ಅಲ್ಲಿಂದ ಮೂಗಿನ ಬುಡಕ್ಕೆ, ಕಣ್ಣರೆಪ್ಪೆಗೆ ಬರುತ್ತದೆ. ಕೆಲವರಿಗೆ ಒಂದು ಬೆಳಿಗ್ಗೆ ಕಣ್ಣು ಪೂರ್ತಿ ತೆರೆಯಲೂ ಆಗುವುದಿಲ್ಲ. ಜ್ವರ, ನೋವು ಇಲ್ಲದಿದ್ದರೆ ಇದು ಅಪಾಯವಲ್ಲ. ಐದಾರನೆಯ ದಿನಕ್ಕೆ ಇಳಿದುಹೋಗುತ್ತದೆ. ಎರಡು-ಮೂರು ದಿಂಬು ಒಟ್ಟಿ, ಇಲ್ಲವೇ ಒರಗು ಕುರ್ಚಿಯಲ್ಲಿ, ತಲೆ 30-45 ಡಿಗ್ರಿ ಎತ್ತರದಲ್ಲಿರುವಂತೆ ಮಲಗುವುದು ಇದಕ್ಕೆ ಮದ್ದು. ಮಂಜುಗಡ್ಡೆಯ ತಂಪನ್ನು ಹಣೆಗೆ ಕೊಡಬಹುದು, ನೆಟ್ಟ ಜಾಗಕ್ಕೆ ಕೂಡದು. ಕೆಲವರಿಗೆ ಶಸ್ತ್ರಚಿಕಿತ್ಸೆಯ ಮರುದಿನದಿಂದ ಬಿಡದ ಬಿಕ್ಕಳಿಕೆ ಬರುವುದುಂಟು. ಅದಕ್ಕೆ ಮಾತ್ರೆ ಇದೆ, ಸಹಿಸಿಕೊಂಡು ಕೂರಬೇಕಾಗಿಲ್ಲ.

ಬರಿದಾಗುವ ತಿಂಗಳುಗಳು

ಹತ್ತು ದಿನ ದಾಟಿ, ಹಕ್ಕಳೆ ಕಳೆದು, ನೆಟ್ಟ ಜಾಗದಲ್ಲಿ ಗಡ್ಡದ ಕುರುಚಲಿನಂಥ ಕಪ್ಪು ಸಾಲು ಕಾಣುವಾಗ ರೋಗಿಗೆ ಗೆದ್ದೆನೆಂಬ ಭಾವ. ಎರಡನೆಯ ವಾರದ ಕೊನೆಯಿಂದ ಆರನೆಯ ವಾರದೊಳಗೆ ಆ ಕೂದಲಿನ ಬಹುಭಾಗ ಉದುರುತ್ತದೆ. ಕಿತ್ತು, ಸ್ವಲ್ಪ ಹೊತ್ತು ಹೊರಗಿಟ್ಟು, ಮತ್ತೆ ನೆಟ್ಟ ಆಘಾತಕ್ಕೆ ಬುಡಗಳು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೊರಳುವುದೇ ಕಾರಣ. ಕೂದಲಿಗೆ ತನ್ನದೇ ಚಕ್ರವಿದೆ: ಎರಡರಿಂದ ಆರು ವರ್ಷ ಬೆಳವಣಿಗೆ, ಎರಡು-ಮೂರು ವಾರ ಕುಗ್ಗುವಿಕೆ, ಸುಮಾರು ಮೂರು ತಿಂಗಳು ವಿಶ್ರಾಂತಿ. ಕಸಿಯಾದ ಬುಡ ಈ ಮೂರು ತಿಂಗಳ ವಿಶ್ರಾಂತಿ ಮುಗಿಸಿಯೇ ಏಳುತ್ತದೆ. ಯಾವ ಎಣ್ಣೆಯೂ ಯಾವ ಮಾತ್ರೆಯೂ ಅದನ್ನು ಮೂರನೆಯ ವಾರಕ್ಕೆ ಎಬ್ಬಿಸಲಾರದು. ಎಲ್ಲರಿಗೂ ಎಲ್ಲ ಕೂದಲೂ ಉದುರಬೇಕೆಂದೇನೂ ಇಲ್ಲ. ಕೆಲವು ಬುಡಗಳು ನಿಲ್ಲದೆ ಬೆಳೆಯುತ್ತಲೇ ಹೋಗುತ್ತವೆ. ಆದರೆ ತನಗೆ ಉದುರಲಿಲ್ಲ ಎಂದು ಬೀಗುವುದಕ್ಕೂ ಉದುರಿತು ಎಂದು ಕುಗ್ಗುವುದಕ್ಕೂ ಕಾರಣವಿಲ್ಲ. ಕೊನೆಯ ಫಲಿತಾಂಶಕ್ಕೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ.

ಇದಕ್ಕಿಂತ ಕಳವಳ ಹುಟ್ಟಿಸುವುದು ನೆಡದ ಕೂದಲು ಉದುರುವುದು. ನೆಟ್ಟ ಜಾಗದ ನಡುವೆ, ಅಕ್ಕಪಕ್ಕ, ಹಿಂದಲೆಯಲ್ಲಿ ಮೊದಲಿನಿಂದ ಇದ್ದ ಸ್ವಂತ ಕೂದಲು ಎರಡರಿಂದ ಎಂಟು ವಾರಗಳಲ್ಲಿ ತೆಳುವಾಗಬಹುದು. ಕ್ಲಿನಿಕ್‌ಗಳಲ್ಲಿ ಇದಕ್ಕೆ ಶಾಕ್ ಲಾಸ್ ಎನ್ನುತ್ತಾರೆ. ಗಟ್ಟಿ ಕೂದಲಾದರೆ ಮೂರು-ನಾಲ್ಕು ತಿಂಗಳಲ್ಲಿ ಮರಳುತ್ತದೆ. ಮೊದಲೇ ನೂಲಿನಂತೆ ಸಣಕಲಾಗಿ ಇಂದೋ ನಾಳೆಯೋ ಹೋಗಲಿದ್ದ ಕೂದಲಾದರೆ ಮರಳದಿರಲೂಬಹುದು. ಸ್ವಲ್ಪವೇ ತೆಳುವಾದ ತಲೆಗೆ, ಇಪ್ಪತ್ತೆರಡರ ಹರೆಯದಲ್ಲಿ, ಅವಸರದ ಕಸಿ ಬೇಡ ಎಂದು ಬಲ್ಲ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಹೆಂಗಸರಲ್ಲಿ ನೆತ್ತಿಯೆಲ್ಲ ಒಂದೇ ಸಮನೆ ತೆಳುವಾಗಿರುವುದು ಹೆಚ್ಚು. ಅವರಿಗೆ ಶಾಕ್ ಲಾಸಿನ ಅಪಾಯವೂ ಹೆಚ್ಚು, ಹಿಂದಲೆಯ ಕೂದಲೂ ಅಷ್ಟು ನಂಬಿಕೆಯದಲ್ಲ.

ನಾಲ್ಕನೆಯ ತಿಂಗಳಿನಲ್ಲಿ ಹೊಸ ಕೂದಲು ಚರ್ಮ ಸೀಳಿ ಮೂಡತೊಡಗುತ್ತದೆ. ಮೊದಲು ಬರುವುದು ಬಣ್ಣ ಕಡಿಮೆಯ, ತೆಳ್ಳನೆಯ, ಕೆಲವೊಮ್ಮೆ ಗುಂಗುರಾದ ಎಳೆ. ಅದು ಎಲ್ಲೆಡೆ ಒಂದೇ ಸಲ ಬರುವುದಿಲ್ಲ. ಎಡಕ್ಕೆ ಬಂದು ಬಲಕ್ಕೆ ಬಾರದೆ ಒಂದು ತಿಂಗಳು ಓರೆಕೋರೆಯಾಗಿ ಕಾಣುವುದು ಸಹಜ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಎಂಬ ಕೂದಲಿನ ವೇಗ ಕಸಿಗೂ ಅನ್ವಯ. ನಾಲ್ಕನೆಯ ತಿಂಗಳ ಕೊನೆಗೆ ಮೂಡಿದ ಎಳೆ ಹನ್ನೆರಡನೆಯ ತಿಂಗಳಿಗೆ 8 ಸೆಂಟಿಮೀಟರ್ ಆಗುತ್ತದೆ. ಬಾಚಲು, ಕ್ರಾಪು ತೆಗೆಯಲು ಅಷ್ಟು ಬೇಕೇ ಬೇಕು. ಅಷ್ಟರೊಳಗೆ ಎಳೆಯೂ ದಪ್ಪವಾಗುತ್ತದೆ. ಸುಳಿ ಇರುವ ನಡುನೆತ್ತಿಯ ಭಾಗ ಎಲ್ಲಕ್ಕಿಂತ ನಿಧಾನ.

ಮದುವೆಗೆಂದು ಕಸಿ ಮಾಡಿಸಿಕೊಳ್ಳುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಬೊಕ್ಕತಲೆ ನಮ್ಮಲ್ಲಿ ಹೆಣ್ಣು ನೋಡುವ ಹಂತದಲ್ಲೇ ತೊಡಕಾಗುತ್ತದೆ. ಕನ್ನಡ ಉಪನ್ಯಾಸಕನೊಬ್ಬನ ಇಂಥದ್ದೇ ಪಾಡನ್ನು ರಾಜ್ ಬಿ. ಶೆಟ್ಟಿ 2017ರ ‘ಒಂದು ಮೊಟ್ಟೆಯ ಕಥೆ’ ಚಿತ್ರದಲ್ಲಿ ನಗಿಸುತ್ತಲೇ ತೋರಿಸಿದರು. ಹುಡುಗಿ ಒಪ್ಪಿ, ಛತ್ರ ಗೊತ್ತಾಗಿ, ಮುಹೂರ್ತಕ್ಕೆ ಮೂರು ತಿಂಗಳಿರುವಾಗ ಕ್ಲಿನಿಕ್ಕಿಗೆ ಓಡುವ ವರನಿಗೆ ಧಾರೆಯ ದಿನ ತಲೆಯಲ್ಲಿ ಇರುವುದು ಅತಿ ಕಡಿಮೆ ಕೂದಲು: ನೆಟ್ಟದ್ದು ಉದುರಿದೆ, ಸ್ವಂತದ್ದೂ ತೆಳುವಾಗಿದೆ, ಹೊಸದು ಬಂದಿಲ್ಲ. ಮದುವೆಗೆ ಒಂದು ವರ್ಷ ಮುಂಚೆ ಮಾಡಿಸಿಕೊಳ್ಳಬೇಕು, ಇಲ್ಲವೇ ಮದುವೆಯ ನಂತರ.

ದಿನಚರಿ

ಕಚೇರಿ ಕೆಲಸಕ್ಕೆ ಮೂರು-ನಾಲ್ಕು ದಿನದಲ್ಲಿ ಹೋಗಬಹುದು, ಜನರ ಕಣ್ಣಿಗೆ ಹೆದರುವವರಿಗೆ ಎರಡು ವಾರ ಬೇಕು. ನಡಿಗೆ ಎರಡನೆಯ ದಿನದಿಂದಲೇ ಸರಿ. ಬೆವರು ಹರಿಯುವ ವ್ಯಾಯಾಮಕ್ಕೆ ಎರಡು ವಾರ, ಭಾರ ಎತ್ತುವುದಕ್ಕೆ ಮೂರರಿಂದ ನಾಲ್ಕು ವಾರ ತಡೆಯಬೇಕು. ಎಫ್‌ಯುಟಿ ಆದವರು ಕತ್ತು ಬಗ್ಗಿಸಿ ಮಾಡುವ ವ್ಯಾಯಾಮವನ್ನು ಇನ್ನೂ ತಡವಾಗಿ ಆರಂಭಿಸುವುದು ಮೇಲು. ಇಲ್ಲದಿದ್ದರೆ ಹೊಲಿಗೆಯ ಗಾಯ ಎಳೆದುಕೊಂಡು ಕಲೆ ಅಗಲವಾಗುತ್ತದೆ. ಈಜುಕೊಳಕ್ಕೂ ಒಂದು ತಿಂಗಳ ವಿರಾಮ.

ಕರ್ನಾಟಕದ ರೋಗಿಗೆ ವಿದೇಶಿ ಕೈಪಿಡಿಗಳು ಹೇಳದ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು ಹೆಲ್ಮೆಟ್. ಇಲ್ಲಿ ಸವಾರನಿಗೂ ಹಿಂದೆ ಕೂರುವವನಿಗೂ ಅದು ಕಡ್ಡಾಯ, ಬೆಂಗಳೂರಿನಲ್ಲಿ ಬಹಳ ಜನ ಕೆಲಸಕ್ಕೆ ಹೋಗುವುದು ದ್ವಿಚಕ್ರದಲ್ಲಿ. ಹೆಲ್ಮೆಟ್ ಹಾಕುವಾಗ ಒಳಗಿನ ಮೆತ್ತೆ ಮುಂದಲೆಯನ್ನು ಉಜ್ಜಿಕೊಂಡೇ ಇಳಿಯುತ್ತದೆ. ನೆಟ್ಟ ಸಾಲು ಇರುವುದೂ ಅಲ್ಲೇ. ಹಕ್ಕಳೆ ಪೂರ್ತಿ ಕಳೆಯುವ ತನಕ, ಅಂದರೆ ಎರಡು ವಾರ, ಗಾಡಿ ಓಡಿಸದಿರುವುದೊಂದೇ ಸರಿಯಾದ ಉತ್ತರ. ಹೆಲ್ಮೆಟ್ ಇಲ್ಲದೆ ಓಡಿಸುವುದು ಉತ್ತರವಲ್ಲ. ಬಸ್ಸು, ಮೆಟ್ರೋ, ಆಟೋ ಇವೆ. ಧೂಳಿಗೆ, ಬಿಸಿಲಿಗೆ ಸಡಿಲ ಟೋಪಿಯನ್ನು ಐದಾರನೆಯ ದಿನದಿಂದ ಹಾಕಬಹುದು.

ಎರಡನೆಯದು ಎಣ್ಣೆ. ತಲೆಗೆ ಏನಾದರೂ ಆದರೆ ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಒತ್ತುವುದು ಮನೆಯ ಹಿರಿಯರ ಮೊದಲ ಸಲಹೆ. ಭಾನುವಾರದ ಎಣ್ಣೆಸ್ನಾನ, ಯುಗಾದಿಯ ಅಭ್ಯಂಜನ ಬೇರೆ. ಗಾಯ ಹಸಿಯಿರುವಾಗ ಎಣ್ಣೆ ಹಚ್ಚಿದರೆ ಹಕ್ಕಳೆ ಅಂಟಂಟಾಗಿ ಕೊಳೆ ಹಿಡಿಯುತ್ತದೆ. ತಿಕ್ಕುವ ಕೈ ಎಣ್ಣೆಗಿಂತಲೂ ಅಪಾಯ. ಒಂದು ತಿಂಗಳು ಎಣ್ಣೆ ದೂರವಿರಲಿ. ಆ ಮೇಲೆ ಹಚ್ಚಿದರೆ ಹಾನಿಯಿಲ್ಲ, ಕಸಿಗೆ ಅದರಿಂದ ವಿಶೇಷ ಲಾಭವೂ ಇಲ್ಲ. ದೇವರಿಗೆ ಮುಡಿ ಹರಕೆ ಇರುವವರು ಕೇಳುವುದುಂಟು: ಕ್ಷೌರದ ಕತ್ತಿ ನೆಟ್ಟ ಜಾಗಕ್ಕೆ ಕೆಲವು ತಿಂಗಳು ಬೇಡ. ಬುಡ ಗಟ್ಟಿಯಾದ ಮೇಲೆ ಬೋಳಿಸಿದರೂ ಮತ್ತೆ ಬರುತ್ತದೆ, ಅದು ಬೇರೆ ಕೂದಲಿನಂತೆಯೇ ಕೂದಲು.

ಬೀಡಿ ಸಿಗರೇಟಿನ ಮಾತು ಬೇರೆ ತೂಕದ್ದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ನೆಟ್ಟ ಬುಡಗಳು ಬದುಕಲು ನೆಚ್ಚಿಕೊಂಡಿರುವುದು ಅವುಗಳನ್ನೇ. ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮೊದಲು, ನಂತರ ಕನಿಷ್ಠ ಎರಡು ವಾರ ಬಿಡದಿದ್ದರೆ ಲಕ್ಷಾಂತರ ರೂಪಾಯಿ ಕೊಟ್ಟು ನೆಡಿಸಿದ್ದನ್ನು ತಾನೇ ಒಣಗಿಸಿದಂತೆ. ಮದ್ಯವೂ ಮೊದಲ ವಾರ ಬೇಡ. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದೂ ತಪ್ಪು, ಕೇಳದೆ ಆರಂಭಿಸುವುದೂ ತಪ್ಪು.

ಔಷಧಗಳಲ್ಲಿ ಕೆಲಸ ಮಾಡುತ್ತವೆಂದು ಗಟ್ಟಿ ಆಧಾರವಿರುವುದು ಎರಡಕ್ಕೆ. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಅಮೆರಿಕದಲ್ಲಿ 1988ರಲ್ಲಿ, ಗಂಡಸರು ನುಂಗುವ 1 ಮಿಲಿಗ್ರಾಂ ಫಿನಾಸ್ಟಿರೈಡ್ 1997ರಲ್ಲಿ ಬೋಳಿಗೆ ಅನುಮೋದನೆ ಪಡೆದವು. ಇವು ಇರುವುದು ನೆಟ್ಟ ಕೂದಲಿಗಿಂತ ಹೆಚ್ಚಾಗಿ ನೆಡದ ಕೂದಲನ್ನು ಉಳಿಸಿಕೊಳ್ಳಲು. ಕಸಿ ಮುಗಿದೊಡನೆ ಬೋಳಾಗುವುದು ನಿಲ್ಲುವುದಿಲ್ಲ. ಔಷಧ ಬಿಟ್ಟವನ ತಲೆಯಲ್ಲಿ ಹತ್ತು ವರ್ಷದ ಮೇಲೆ ಮುಂದಿನ ನೆಟ್ಟ ಸಾಲು ಹಾಗೇ ಇದ್ದು ಅದರ ಹಿಂದಿನದು ಖಾಲಿಯಾಗಿರುವುದುಂಟು. ಮಿನಾಕ್ಸಿಡಿಲನ್ನು ಸಾಮಾನ್ಯವಾಗಿ ಹಕ್ಕಳೆ ಕಳೆದ ಮೇಲೆ ಮತ್ತೆ ಹಚ್ಚುತ್ತಾರೆ. ಫಿನಾಸ್ಟಿರೈಡಿನಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಂದಬಹುದು, ಮನಸ್ಸು ಕುಗ್ಗಬಹುದು. ಪ್ರಾಸ್ಟೇಟಿನ ಪಿಎಸ್ಎ ಪರೀಕ್ಷೆಯ ಅಂಕಿಯನ್ನೂ ಅದು ಇಳಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ನುಂಗುವ ಮಾತ್ರೆಯಲ್ಲ. ರೋಗಿಯದೇ ರಕ್ತದಿಂದ ತೆಗೆದು ಚುಚ್ಚುವ ಪಿಆರ್‌ಪಿಯ ಫಲ ಒಬ್ಬರಿಂದೊಬ್ಬರಿಗೆ ಬೇರೆ. ಬಯೋಟಿನ್ ಕೊರತೆಯಿಲ್ಲದವರಿಗೆ ಬಯೋಟಿನ್ ಮಾತ್ರೆ ದಂಡ.

ತೊಡಕುಗಳು

ಕಸಿಯ ತೊಡಕುಗಳಲ್ಲಿ ಹೆಚ್ಚಿನವು ಕಿರಿಕಿರಿಯ ಮಟ್ಟದವು. ನೆತ್ತಿಯ ಮೇಲೆ ಜೋಮು ಹಿಡಿದಂತೆ, ಟೋಪಿ ಇಟ್ಟಂತೆ ಅನಿಸುವುದು ಸಣ್ಣ ನರಗಳು ತುಂಡಾದ್ದರಿಂದ; ವಾರಗಳಿಂದ ಕೆಲವು ತಿಂಗಳುಗಳಲ್ಲಿ ಸರಿಹೋಗುತ್ತದೆ. ಸರಿಹೋಗುವಾಗ ತುರಿಕೆ, ಚುಚ್ಚಿದ ಅನುಭವ. ಎರಡನೆಯ ತಿಂಗಳಿಂದ ನಾಲ್ಕನೆಯ ತಿಂಗಳವರೆಗೆ ಮೊಡವೆಯಂಥ ಕೀವುಗುಳ್ಳೆಗಳು ಏಳಬಹುದು. ಹೊರಬರಲು ದಾರಿ ಸಿಗದ ಕೂದಲು ಒಳಗೇ ಸುರುಳಿ ಸುತ್ತುವುದು ಅವುಗಳ ಒಂದು ಕಾರಣ. ನಾಲ್ಕಾರು ಇದ್ದರೆ ಬಿಸಿನೀರಿನ ಬಟ್ಟೆಯ ಶಾಖ ಸಾಕು, ಹಿಂಡಬಾರದು. ನಮ್ಮಂಥ ಕಂದು ಚರ್ಮದಲ್ಲಿ ಹಿಂದಲೆಯ ಚುಕ್ಕೆಗಾಯಗಳು ಬಿಳಿಚಿ ಉಳಿಯುವುದುಂಟು. ತಲೆ ಸಣ್ಣಗೆ ಕತ್ತರಿಸಿದರೆ ಅವು ಕಾಣುತ್ತವೆ; ಎಫ್‌ಯುಇಗೆ ಕಲೆಯೇ ಇಲ್ಲ ಎಂಬ ಜಾಹೀರಾತು ಸುಳ್ಳು.

ಅಪಾಯದ ಚಿಹ್ನೆಗಳು ಕೆಲವೇ. ಮೂರು ದಿನದ ಮೇಲೂ ಏರುತ್ತ ಹೋಗುವ ನೋವು, ಜ್ವರ, ಹರಡುವ ಕೆಂಪು, ದುರ್ವಾಸನೆಯ ಕೀವು, ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ. ಎಲ್ಲಕ್ಕಿಂತ ಗಂಭೀರವಾದದ್ದು ನೆಟ್ಟ ಜಾಗದ ನಡುವೆ ಚರ್ಮ ಮೊದಲು ನೀಲಿಗಟ್ಟಿ ಆಮೇಲೆ ಕಪ್ಪಾಗುವುದು. ಅದು ಹಕ್ಕಳೆಯಲ್ಲ, ರಕ್ತವಿಲ್ಲದೆ ಚರ್ಮ ಸಾಯುತ್ತಿರುವುದು. ಅಪರೂಪವಾದರೂ ಧೂಮಪಾನಿಗಳಲ್ಲಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ, ಒಂದೇ ಬಾರಿಗೆ ಬಹಳ ಒತ್ತಾಗಿ ನೆಟ್ಟವರಲ್ಲಿ ಕಂಡಿದೆ. ಮೈತುಂಬ ದದ್ದು, ಉಸಿರಾಟದ ತೊಂದರೆ ಬಂದರೆ ಕ್ಲಿನಿಕ್ಕಿಗೆ ಫೋನು ಮಾಡುತ್ತ ಕೂರದೆ ತುರ್ತು ಚಿಕಿತ್ಸೆಯ ಆಸ್ಪತ್ರೆಗೆ ಹೋಗಬೇಕು.

ಹೊಣೆ ಯಾರದು

ಚೇತರಿಕೆ ಹೇಗಾಗುತ್ತದೆ ಎಂಬುದರ ಅರ್ಧ ನಿರ್ಧಾರವಾಗುವುದು ಕತ್ತಿ ಹಿಡಿದವರು ಯಾರು ಎಂಬುದರಿಂದ. ಇಸ್ತಾಂಬುಲ್ ಇಂದು ಜಗತ್ತಿನ ಕೂದಲು ಕಸಿಯ ದೊಡ್ಡ ಪೇಟೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಹಣೆಗೆ ಕಪ್ಪು ಪಟ್ಟಿ ಕಟ್ಟಿ, ನೆತ್ತಿಯಲ್ಲಿ ಕೆಂಪು ಚುಕ್ಕೆಗಳನ್ನು ಹೊತ್ತು ವಿಮಾನ ಕಾಯುವ ಗಂಡಸರ ಸಾಲು ಮಾಮೂಲು ನೋಟ. ಅಗ್ಗದ ಪ್ರವಾಸಿ ಪ್ಯಾಕೇಜಿನ ದೋಷ ಅದರ ವೇಳಾಪಟ್ಟಿಯಲ್ಲೇ ಇದೆ. ಮೂರನೆಯ ದಿನ ರೋಗಿ ವಿಮಾನ ಹತ್ತುತ್ತಾನೆ. ಊತ ಬರುವುದು ಆಗ, ಹಕ್ಕಳೆ ಕಳೆಯುವುದು ಅವನ ಊರಲ್ಲಿ, ಕೀವುಗುಳ್ಳೆ ಏಳುವುದು ಎರಡು ತಿಂಗಳ ಮೇಲೆ. 1993ರಲ್ಲಿ ಆರಂಭವಾದ ಕೂದಲು ಕಸಿ ವೈದ್ಯರ ಅಂತರರಾಷ್ಟ್ರೀಯ ಸಂಘವು ವೈದ್ಯರಲ್ಲದವರು ಕತ್ತಿ ಹಿಡಿಯುವ ದಂಧೆಯ ವಿರುದ್ಧ ಪ್ರಚಾರವನ್ನೇ ನಡೆಸುತ್ತಿದೆ.

ಭಾರತದಲ್ಲೂ ಸ್ಥಿತಿ ನೆಮ್ಮದಿಯದಲ್ಲ. ಕಸಿಯ ಬಳಿಕ ದೆಹಲಿಯ ವ್ಯಕ್ತಿಯೊಬ್ಬರು ಮೃತಪಟ್ಟ ಪ್ರಕರಣ ದೆಹಲಿ ಹೈಕೋರ್ಟಿನ ಮುಂದೆ ಬಂದು, 2022ರಲ್ಲಿ ನ್ಯಾಯಾಲಯ ಇಂಥ ಕೇಂದ್ರಗಳಿಗೆ ಕಡಿವಾಣ ಬೇಕೆಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿತು. ಶಸ್ತ್ರಚಿಕಿತ್ಸೆಯಲ್ಲಿ ಕ್ರಮಬದ್ಧ ತರಬೇತಿ ಪಡೆದ ನೋಂದಾಯಿತ ವೈದ್ಯರು, ಮುಖ್ಯವಾಗಿ ಪ್ಲಾಸ್ಟಿಕ್ ಸರ್ಜನ್ನರು ಮತ್ತು ತರಬೇತಾದ ಚರ್ಮವೈದ್ಯರು, ಇದನ್ನು ಮಾಡಬೇಕು. ಕಾರ್ಯಾಗಾರ ನೋಡಿ, ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಎಂದು ಅದು ಸ್ಪಷ್ಟವಾಗಿ ಹೇಳಿತು. ತುರ್ತು ಪರಿಸ್ಥಿತಿ ನಿಭಾಯಿಸುವ ಸೌಲಭ್ಯ ಅಥವಾ ಹತ್ತಿರದ ಆಸ್ಪತ್ರೆಯ ಸಂಪರ್ಕವೂ ಇರಬೇಕು. ಕಾಗದದ ಮೇಲೆ ಇಷ್ಟಿದ್ದರೂ ಬ್ಯೂಟಿ ಪಾರ್ಲರಿನ ಮೇಲಂತಸ್ತಿನಲ್ಲಿ, ವೈದ್ಯರ ಹೆಸರಿನ ಫಲಕ ಮಾತ್ರ ಇರುವ ಕೋಣೆಗಳಲ್ಲಿ ಟೆಕ್ನಿಷಿಯನ್‌ಗಳೇ ಕೊರೆದು ನೆಡುವುದು ನಿಂತಿಲ್ಲ. ಮುಂಗಡ ಕೊಡುವ ಮೊದಲು ರೋಗಿ ಕೇಳಬೇಕಾದ ಪ್ರಶ್ನೆಗಳು ಬಹಳಿಲ್ಲ: ಕೊರೆಯುವವರು ಯಾರು, ಅವರ ನೋಂದಣಿ ಸಂಖ್ಯೆ ಏನು, ಮೂರನೆಯ ದಿನದ ರಾತ್ರಿ ಕಣ್ಣು ಊದಿದರೆ ಫೋನೆತ್ತುವವರು ಯಾರು, ಮೂರನೆಯ ತಿಂಗಳು ನೋಡುವವರು ಯಾರು.

ಫಲಿತಾಂಶವನ್ನು ಅಳೆಯುವುದು

ದಿನಾ ಕನ್ನಡಿ ನೋಡಿ ಪ್ರಯೋಜನವಿಲ್ಲ. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಒದ್ದೆಯಿಲ್ಲದ ಕೂದಲಿನ ಫೋಟೋವನ್ನು ತಿಂಗಳಿಗೊಮ್ಮೆ ತೆಗೆದಿಟ್ಟರೆ ಹೋಲಿಕೆಗೆ ಅರ್ಥವಿರುತ್ತದೆ. ಮೊದಲಿನ ದಟ್ಟಣೆ ಮರಳುವುದಿಲ್ಲ ಎಂಬುದನ್ನೂ ಒಪ್ಪಿಕೊಂಡಿರಬೇಕು. ಸಹಜ ತಲೆಯಲ್ಲಿ ಚದರ ಸೆಂಟಿಮೀಟರಿಗೆ 65-85 ಗುಂಪುಗಳಿದ್ದರೆ ಕಸಿಯಲ್ಲಿ ನೆಡುವುದು 30-50. ಅರ್ಧದಷ್ಟಿದ್ದರೆ ಕಣ್ಣಿಗೆ ತುಂಬಿದಂತೆಯೇ ಕಾಣುವುದರಿಂದ ಈ ವ್ಯವಹಾರ ನಡೆಯುತ್ತದೆ. ಹಿಂದಲೆಯ ಸಂಗ್ರಹವೂ ಅಕ್ಷಯವಲ್ಲ. ಜೀವಮಾನದಲ್ಲಿ ಅಲ್ಲಿಂದ ತೆಗೆಯಬಹುದಾದದ್ದು ಸಾಮಾನ್ಯವಾಗಿ ಐದಾರು ಸಾವಿರ ಗ್ರಾಫ್ಟ್. ಆರನೆಯ ತಿಂಗಳಿಗೆ ಫಲ ಕಡಿಮೆಯೆನಿಸಿ ಮತ್ತೊಂದು ಕಸಿ ಕೇಳುವವರಿದ್ದಾರೆ, ಮಾಡಿಕೊಡುವವರೂ ಇದ್ದಾರೆ. ಮುಂದಲೆಯನ್ನು 12 ತಿಂಗಳಿಗೆ, ಸುಳಿಯ ಭಾಗವನ್ನು 18 ತಿಂಗಳಿಗೆ ನೋಡಿ ತೀರ್ಮಾನಿಸುವುದು ಸರಿಯಾದ ಕ್ರಮ. ಅದಕ್ಕೆ ಮೊದಲೇ ಎರಡನೆಯ ಕಸಿಗೆ ದಿನ ಗೊತ್ತುಮಾಡುವ ಕ್ಲಿನಿಕ್ಕಿಗೆ ಮತ್ತೆ ಹೋಗದಿರುವುದು ಒಳ್ಳೆಯದು.